ಬಲಕ್ಕೆ ಅಪ್ಪ, ಎಡಕ್ಕೆ ನಕ್ಷತ್ರ

ತಾರಸಿಯ ಕಸವನ್ನು ಗೋದಮ್ಮ ಮನೆಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಅಸ್ಥಿಯನ್ನು ಶಾಸ್ತ್ರ ಬಿಟ್ಟುಕೊಳ್ಳುತ್ತಿರಲಿಲ್ಲ. ಹೀಗಾಗಿ ಮಳವಳ್ಳಿಯ ಆ ಮನೆಯ ಹಿತ್ತಿಲ ಬೇಲಿಯ ನುಗ್ಗೆಮರದಲ್ಲಿ ಎರಡು ಮಣ್ಣಿನ ಕುಡಿಕೆಗಳು ತೂಗುತ್ತಿದ್ದವು. ಒಂದರಲ್ಲಿ ಗೋದಮ್ಮನ ಗಂಡ ಕಸ್ತೂರಿರಂಗನ ತಂದೆಯ ಅಸ್ಥಿ. ಭಾನುವಾರ ಅವನ ಅಕ್ಕ ಬಂದ ಮೇಲೆ ಕಾವೇರಿಗೆ ಬಿಡಬೇಕು. ಇನ್ನೊಂದರಲ್ಲಿ ಅವನು ಮೂರು ತಿಂಗಳು ತಾರಸಿಯ ದೂಳಿನಲ್ಲಿ ಅಯಸ್ಕಾಂತ ಆಡಿಸಿ ಕೂಡಿಟ್ಟ ಕರಿಮರಳು. ಅದರಲ್ಲಿ ನಾಲ್ಕು ಕಾಳಾದರೂ ಆಕಾಶದಿಂದ ಉದುರಿದ್ದೆಂದು ಅವನ ನಂಬಿಕೆ. ಎರಡರ ಬಾಯಿಗೂ ಅಪ್ಪನ ಹಳೇ ಪಂಚೆಯ ತುಂಡೇ ಕಟ್ಟಿತ್ತು.

"ಇಂದ್ರಮ್ಮ, ಬಲಗಡೆ ಅಪ್ಪ, ಎಡಗಡೆ ನಕ್ಷತ್ರ. ಸೊಪ್ಪು ಕೀಳುವಾಗ ಜೋಪಾನ," ಎಂದು ಬೇಲಿಯಾಚೆಯ ನೆರೆಯವಳಿಗೆ ಹೇಳಿದ್ದ.

"ಬುಡಿ ಮೇಷ್ಟ್ರೇ, ನಾನು ಕಣ್ಣಿಟ್ಟಿರ್ತೀನಿ."

ಇಂದ್ರಮ್ಮ ಕಣ್ಣಿಟ್ಟರೆ ಒಲೆಯ ಮೇಲಿನ ಹಾಲು ಕೂಡ ಉಕ್ಕಲು ಅಂಜುತ್ತಿತ್ತು.

ಶುಕ್ರವಾರ ಮದ್ದೂರಿನ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ. ಕಸ್ತೂರಿರಂಗ ಅಲ್ಲಿ ಆರು ವರ್ಷದಿಂದ ತಾತ್ಕಾಲಿಕ ಮೇಷ್ಟ್ರು. ಹೆಡ್‌ಮಾಸ್ಟರ್ ಮಹದೇವಸ್ವಾಮಿ ಮೊದಲೇ ಹೇಳಿದ್ದರು: "ನೋಡಾಕೆ ಬರೋ ಇಲಾಖೆ ಸಾಹೇಬ್ರು ಮೆಚ್ಚುದ್ರೆ ಕೆಲ್ಸ ಕಾಯಂ. ಇಲ್ದಿದ್ರೆ ನೀವು ಬರೋದೇ ಬ್ಯಾಡ." ಬಸ್ಸಿನ ಗಡಿಬಿಡಿಯಲ್ಲಿ, ಕನ್ನಡಕವನ್ನು ಜೇಬಿನಲ್ಲಿಟ್ಟುಕೊಂಡೇ ಅವನು ಎಡಗಡೆಯ ಕುಡಿಕೆ ಬಿಚ್ಚಿಕೊಂಡು ಓಡಿದ.

ಸಾಹೇಬರು ಕುಡಿಕೆಯನ್ನು ಕೈಗೆತ್ತಿಕೊಂಡರು.

"ಮುದಿಯಾದ ನಕ್ಷತ್ರ ಉಬ್ಬಿ ಉಸಿರುಬಿಡುತ್ತೆ ಸಾರ್," ಎಂದ ಕಸ್ತೂರಿರಂಗ. "ಆ ಉಸಿರು ತಣ್ಣಗಾದರೆ ಮಸಿ, ಮರಳಿನಂಥ ದೂಳು. ಅದು ಗ್ಯಾಲಕ್ಸಿಯಲ್ಲಿ ಅಲೆಯುತ್ತೆ. ಪಕ್ಕದ ನಕ್ಷತ್ರ ಸಿಡಿದರೆ ನುಚ್ಚಾಗುತ್ತೆ. ತಣ್ಣನೆ ಮೋಡ ಸಿಕ್ಕರೆ ಮೈಗೆ ಮಂಜು ಮೆತ್ತಿಕೊಂಡು ಬೆಳೆಯುತ್ತೆ. ಕೊನೆಗೆ ಉಂಡೆಗಟ್ಟಿ ಮತ್ತೊಬ್ಬ ಸೂರ್ಯ, ಮತ್ತೊಂದು ಭೂಮಿ."

"ಅಂದರೆ ಸತ್ತ ನಕ್ಷತ್ರದ ಬೂದಿ! ಭೇಷ್!" ಸಾಹೇಬರು ಗಂಟಿಗೆ ಬೆರಳಿಟ್ಟರು. ಗಂಟು ಸಡಿಲವಾಯಿತು. ಅಷ್ಟರಲ್ಲಿ ಕಸ್ತೂರಿರಂಗನ ಫೋನು ಬಡಿದುಕೊಂಡಿತು. ಇಂದ್ರಮ್ಮ.

"ಮೇಷ್ಟ್ರೇ, ಕೆಟ್ರಲ್ಲಪ್ಪ! ಮರದಲ್ಲಿ ಉಳ್ದಿರೋದು ಎಡಗಡೇದು! ನಿಮ್ಮಪ್ಪಾರ್ನ ಇಸ್ಕೂಲಿಗೆ ಓತ್ಕೊಂಡೋಗಿದೀರ!"

"ಸರಿಯಾಗಿ ನೋಡಿದಿರಾ ಇಂದ್ರಮ್ಮ?"

"ನನ್ ಕಣ್ಣಾಣೆ!"

ಕಸ್ತೂರಿರಂಗ ಕೋಳಿಮರಿಗೆರಗಿದ ಹದ್ದಿನಂತೆ ಕುಡಿಕೆ ಕಿತ್ತುಕೊಂಡ. "ಬಿಚ್ಚಬೇಡಿ ಸಾರ್! ಅದು ನಕ್ಷತ್ರ ಅಲ್ಲ, ನಮ್ಮ ತಂದೆ!"

ಸಾಹೇಬರು ಬೆರಳನ್ನು ಹೆಡ್‌ಮಾಸ್ಟರರ ಶಾಲಿಗೆ ಒರೆಸಿದರು. ಒಮ್ಮೆ ಒರೆಸಿ, ಮತ್ತೊಮ್ಮೆ ಒರೆಸಿದರು.

"ಓಗಿ," ಎಂದರು ಮಹದೇವಸ್ವಾಮಿ ಮೆಲ್ಲಗೆ. "ಓಗಿಬುಡಿ. ಮತ್ತೆ ಬರ್ಬ್ಯಾಡಿ."

ಗಂಟು ಸಡಿಲವಾದ ಅಸ್ಥಿ ಮನೆಗೆ ಮರಳಬಾರದು ಎಂದು ಅಪ್ಪನೇ ಹೇಳುತ್ತಿದ್ದರು. ಅಕ್ಕನಿಗೆ ಕಾಯುವಂತಿಲ್ಲ. ಕುಡಿಕೆಯನ್ನು ಎದೆಗವಚಿಕೊಂಡು ಅವನು ಶ್ರೀರಂಗಪಟ್ಟಣದ ಬಸ್ಸು ಹತ್ತಿದ.

"ಒಳಗೆ ನೋಡಬೇಡಿ," ಎಂದರು ನದಿಯ ದಡದ ಪುರೋಹಿತರು. "ಕುಡಿಕೆ ಸಮೇತ ಹೆಗಲ ಮೇಲಿಂದ ಹಿಂದಕ್ಕೆ ಬಿಡಿ. ತಿರುಗಬೇಡಿ."

'ನಿನ್ನನ್ನು ಮೇಜಿನ ಮೇಲಿಟ್ಟು ಪಾಠ ಮಾಡಿಬಿಟ್ಟೆನಲ್ಲಪ್ಪ' ಎಂದು ಅವನು ಸೊಂಟದವರೆಗಿನ ನೀರಿನಲ್ಲಿ ನಿಂತು ಅತ್ತ. ಬೆನ್ನ ಹಿಂದೆ ಬುಳಕ್ ಎಂದಿತು.

ಸಂಜೆ ಒದ್ದೆ ಪಂಚೆಯಲ್ಲೇ ಹಿತ್ತಿಲಿಗೆ ಬಂದಾಗ ಬೇಲಿಯಾಚೆ ಇಂದ್ರಮ್ಮ ಸೊಪ್ಪು ಕೀಳುತ್ತಿದ್ದಳು.

"ನೋಡಿ, ನಾನೇಳ್ನಿಲ್ವಾ? ಎಡಗಡೇದೇ ಉಳ್ದದೆ," ಎಂದು ತನ್ನ ಎಡಗೈ ಚಾಚಿದಳು.

ಕಸ್ತೂರಿರಂಗ ಕನ್ನಡಕ ಹಾಕಿಕೊಂಡ. ಮರದ ಈಚೆ ಅವನು, ಆಚೆ ಅವಳು, ಮುಖಾಮುಖಿ. ತನ್ನ ಬಲಗೈ ಚಾಚಿದ. ಅವಳ ಎಡಗೈ, ಅವನ ಬಲಗೈ ಎರಡೂ ಒಂದೇ ಕುಡಿಕೆಯನ್ನು ಮುಟ್ಟಿದವು.

ಕೆಲಸ ಹೋದದ್ದನ್ನೂ ಕುಡಿಕೆಯನ್ನು ಕಾವೇರಿಗೆ ಬಿಟ್ಟದ್ದನ್ನೂ ಅವನು ಹೇಳಿದ. ಗೋದಮ್ಮ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. "ಹಾಗಾದರೆ ಇವತ್ತು ಯಾರಿಗ್ರೀ ಕರ್ಮ ಮಾಡಿ ಬಂದಿರಿ?"

"ಯಾವುದೋ ನಕ್ಷತ್ರಕ್ಕೆ," ಎಂದ ಅವನು. "ಐನೂರು ಕೋಟಿ ವರ್ಷದಿಂದ ಪಾಪ, ಅದಕ್ಕೆ ಮಾಡುವವರು ಯಾರೂ ಇರಲಿಲ್ಲ."

ಇಂದ್ರಮ್ಮ ಸೊಪ್ಪನ್ನು ಮಡಿಲಿಗೆ ಹಾಕಿಕೊಂಡಳು. "ಓಗ್ಲಿ ಬುಡಿ ಮೇಷ್ಟ್ರೇ. ಅಪ್ಪಾರ್ನ ನಿದಾನ್ವಾಗೇ ಬುಟ್ಟು ಬನ್ನಿ. ನಾಳೆಯಿಂದ ನಿಮ್ಗೂ ಇಸ್ಕೂಲಿಲ್ವಲ್ಲ."