ನಾಲ್ವರು ಮಾರ್ಗದರ್ಶಕರು, ಒಬ್ಬಳು ವಿದ್ಯಾರ್ಥಿನಿ

ಕನ್ನಡದ ಕಾಗುಣಿತ ತಿದ್ದುವ ತಂತ್ರಾಂಶವೊಂದನ್ನು ನಾನೊಬ್ಬಳೇ ಮಾಡಿ ಮುಗಿಸಬಲ್ಲೆ ಎಂಬ ವಿಷಯದಲ್ಲಿ ನನಗೆ ಕಿಂಚಿತ್ತೂ ಸಂಶಯವಿರಲಿಲ್ಲ. ಕೆಲಸ ಮಾಡುವಾಗ ಮಾತಾಡಲು ಒಬ್ಬರು ಬೇಕಿತ್ತು, ಅಷ್ಟೆ.

ಮೈಸೂರಿನಿಂದ ಹೈದರಾಬಾದಿಗೆ ಬಂದು ವರ್ಷವಾಗಿತ್ತು. ಆಫೀಸಿನಲ್ಲಿ ಇಂಗ್ಲಿಷು, ಆಟೋದಲ್ಲಿ ಹಿಂದಿ, ಅಂಗಡಿಯಲ್ಲಿ ತೆಲುಗು. ಮಲ್ಕಾಜ್‌ಗಿರಿಯ ಬಾಡಿಗೆ ಕೋಣೆಗೆ ಬಂದರೆ ಗೋಡೆಯ ಜೊತೆ ಯಾವ ಭಾಷೆಯಾದರೂ ನಡೆಯುತ್ತಿತ್ತು. ನನ್ನ ತಂತ್ರಾಂಶವೋ ಓಪನ್ ಸೋರ್ಸ್ ಯೋಜನೆ. ಯಾರು ಬೇಕಾದರೂ ಸೇರಬಹುದು, ತಿದ್ದಬಹುದು. ಹಾಗಾದರೆ ಸೇರಲಿ! 'ವಿದ್ಯಾರ್ಥಿಗಳು ಬೇಕಾಗಿದ್ದಾರೆ, ಮಾರ್ಗದರ್ಶಕರೂ ಬೇಕಾಗಿದ್ದಾರೆ' ಎಂದು ಮೊಬೈಲ್ ನಂಬರಿನ ಸಮೇತ ಚೀಟಿ ಮಾಡಿಸಿ ಹಿಮಾಯತ್‌ನಗರದ ಕಂಪ್ಯೂಟರ್ ಕ್ಲಾಸುಗಳ ಮೆಟ್ಟಿಲಿನ ಉದ್ದಕ್ಕೂ ಅಂಟಿಸಿದೆ.

ಹದಿನಾರು ಫೋನು ಬಂದವು.

"ಜಾಬ್ ಗ್ಯಾರಂಟೀನಾ ಮೇಡಂ?"

"ಇಲ್ಲ."

"ಸರ್ಟಿಫಿಕೇಟು?"

"ಇಲ್ಲ."

ಹದಿನಾರೂ ಅಲ್ಲಿಗೇ ಕಟ್! ಇನ್ನು ಮಾರ್ಗದರ್ಶಕರು. ಆಫೀಸಿನ ಬೆಂಗಳೂರಿನವರೆಲ್ಲ "ಖಂಡಿತ, ಈ ಶನಿವಾರ" ಎಂದರು. ಶುಕ್ರವಾರ ಸಂಜೆ ಒಬ್ಬರಾದ ಮೇಲೊಬ್ಬರು ಬೆಂಗಳೂರಿನ ಬಸ್ಸು ಹತ್ತಿದರು.

ಮನೆಯೊಡತಿ ಗಂಗಕ್ಕನ ಮುಂದೆ ಗೋಳು ತೋಡಿಕೊಂಡೆ. ಬೀದರ್ ಕಡೆಯವರು, ಯಜಮಾನರು ರೈಲ್ವೆಯಲ್ಲಿ.

"ನೌಕರಿ ಇಲ್ಲ, ಸರ್ಟಿಫಿಕೇಟ್ ಇಲ್ಲ. ಮತ್ತ ಯಾಕ ಬರಬೇಕವಾ ಅವ್ರು?"

"ಕನ್ನಡಕ್ಕೋಸ್ಕರ, ಗಂಗಕ್ಕ!"

"ನೋಡವಾ, ಖಾಲಿ ಖಾನಾವಳಿಗೆ ಯಾರೂ ಹೋಗಂಗಿಲ್ಲ. ನಾಕ ಮಂದಿ ಉಣ್ಣಾಕತ್ತಿದ್ದು ಕಂಡ್ರ ಐದನೇದಾಂವ ತಾನಾಗೇ ಬರ್ತಾನ."

ಅವರು ಹೇಳಿದ್ದು ಊಟದ ವಿಷಯ. ನಾನು ಅದನ್ನು ಅಪ್ಪಣೆ ಎಂದು ಶಿರಸಾವಹಿಸಿದೆ! ಒಂದೇ ಭಾನುವಾರದಲ್ಲಿ ನಾಲ್ಕು ಹೊಸ ಇ-ಮೇಲ್ ವಿಳಾಸ ತೆರೆದು ನಾಲ್ವರು ಮಾರ್ಗದರ್ಶಕರನ್ನು ಹುಟ್ಟಿಸಿದೆ. ಜರ್ಮನಿಯ ಡಾಕ್ಟರ್ ಮೂರ್ತಿ, ಪುಣೆಯ ಪ್ರಭಾಕರ್, ಇನ್ನಿಬ್ಬರು ಹೌದಪ್ಪಗಳು. ನಾಲ್ವರೂ ಗಂಡಸರು. ಹೆಂಗಸೊಬ್ಬಳು ನಡೆಸುವ ಯೋಜನೆ ಎಂದರೆ ತೂಕವಿರುವುದಿಲ್ಲ ಎಂದು, ಯಾರೂ ಕೇಳದಿದ್ದರೂ, ನಾನೇ ತೀರ್ಮಾನಿಸಿಬಿಟ್ಟಿದ್ದೆ. ನನ್ನ ಸಹಿ ಬರೀ 'ಕಾರ್ಯದರ್ಶಿ'.

ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಒಂದು ತಿಂಗಳು ಬಹಳ ಸಂತೋಷವಾಗಿದ್ದೆ. ಯೋಜನೆಗೆಂದು ತೆರೆದ, ಯಾರು ಬೇಕಾದರೂ ಓದಬಹುದಾದ ಇ-ಮೇಲ್ ಗುಂಪಿನಲ್ಲಿ ಮೂರ್ತಿಗೂ ಪ್ರಭಾಕರ್‌ಗೂ ಒತ್ತಕ್ಷರದ ಬಗ್ಗೆ ಜಗಳ ಹತ್ತಿತು. ಮೂರ್ತಿ ಏನು ಉತ್ತರ ಕೊಟ್ಟಿರಬಹುದು ಎಂಬ ಕುತೂಹಲದಲ್ಲಿ ಆಫೀಸಿನಿಂದ ಓಡೋಡಿ ಬರುತ್ತಿದ್ದೆ. ಕೊಟ್ಟಿರುತ್ತಿರಲಿಲ್ಲ. ನಾನಿನ್ನೂ ಮನೆಗೆ ಬಂದಿರಲಿಲ್ಲವಲ್ಲ!

ಆಗ ಬಂದಳು ರೇಣುಕಾ. ಕೋಠಿಯ ಹತ್ತಿರದ ಕಾಲೇಜಿನ ಹುಡುಗಿ, ಮನೆಮಾತು ಕನ್ನಡ. 'ನಾನೂ ಸೇರಬಹುದೇ?' ಎಂದು ಬರೆದು ಮನೆಯ ಫೋನ್ ನಂಬರನ್ನೂ ಕೊಟ್ಟಿದ್ದಳು. ಒಬ್ಬಳು, ನಿಜವಾದವಳು!

ಅವಳು ಒಂದು ಪುಟ್ಟ ಪ್ರಶ್ನೆ ಕೇಳಿದಳು. ಸಂಭ್ರಮದಲ್ಲಿ ನಾಲ್ವರ ಕೈಯಲ್ಲೂ ಉತ್ತರ ಕೊಡಿಸಿದೆ. ಗುಂಪಿಗೆ ಗಾಂಭೀರ್ಯ ಬರಲೆಂದು ಮೂರ್ತಿಯ ಕೈಯಲ್ಲಿ 'ಮೊದಲು ನಿಯಮಾವಳಿ ಓದಿ, ಆಮೇಲೆ ಪ್ರಶ್ನೆ ಕೇಳುವುದು' ಎಂದೂ ಬರೆಸಿದೆ. ಎರಡನೆಯ ಪ್ರಶ್ನೆಗೂ ಅದೇ ಮರ್ಯಾದೆ. ಮೂರನೆಯ ಪ್ರಶ್ನೆ ಬರಲಿಲ್ಲ.

ಹತ್ತು ದಿನ ಕಾದು ಫೋನ್ ಮಾಡಿದೆ. ಆ ಗುಂಪಿನ ಕಡೆಯಿಂದ ಎಂದೆ. "ಯಾಕಮ್ಮಾ ಬರೀತಾನೇ ಇಲ್ಲ?"

"ಅಲ್ಲಿ ಭಾಳ ದೊಡ್ಡ ಮಂದಿ ಅದಾರ್ರಿ. ನಾ ಒಂದ ಕೇಳಿದ್ರ ನಾಕ ಮಂದಿ ಸರ್ ಮ್ಯಾಲಿಂದ ಮ್ಯಾಲೆ ಹೇಳ್ತಾರ. ಆ ಮೂರ್ತಿ ಸರ್ ಅಂದ್ರ ಅಂಜಿಕಿ ಬರ್ತೈತ್ರಿ. ಒಬ್ರರ ಅಕ್ಕಾರು ಇದ್ದಿದ್ರ ಕೇಳ್ತಿದ್ದೆ... ನೀವು ಯಾರ್ರಿ?"

ನಿಜ ಹೇಳಲು ಇದಕ್ಕಿಂತ ಒಳ್ಳೆಯ ಮುಹೂರ್ತ ಯಾವ ಪಂಚಾಂಗದಲ್ಲೂ ಸಿಗುತ್ತಿರಲಿಲ್ಲ. ನಾನು ಬಾಯಿ ತೆರೆದೆ.

"ಮೂರ್ತಿ ಸರ್ ಆಫೀಸಿನಿಂದ," ಎಂದೆ!

"ಅಯ್ಯೋ! ಸರ್ ಮುಂದ ಹೇಳಬ್ಯಾಡ್ರಿ ಮತ್ತ. ನಾ ಅಮೀರ್‌ಪೇಟ್‌ನ್ಯಾಗ ಸಾಫ್ಟ್‌ವೇರ್ ಟೆಸ್ಟಿಂಗ್ ಕೋರ್ಸಿಗೆ ಸೇರೀನ್ರಿ." ಮತ್ತೆ ಅಂದಳು: "ನೀವು ಭಾಳ ಚಂದ ಮಾತಾಡ್ತೀರಿ. ನೀವರ ಆ ಗುಂಪಿನ್ಯಾಗ ಇದ್ದಿದ್ರ ನಾ ಬಿಡ್ತಿದ್ದಿಲ್ರಿ."

ಫೋನ್ ಇಟ್ಟ ಮೇಲೆ ಮೂರ್ತಿಯ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಎದುರಿಗಿದ್ದಿದ್ದರೆ ಎರಡು ಬಿಗಿಯುತ್ತಿದ್ದೆ. ಆಮೇಲೆ ಅಳು ಬಂತು. ಮತ್ತೆ ಫೋನ್ ಮಾಡಲು ಧೈರ್ಯ ಸಾಲಲಿಲ್ಲ, ಬರೆಯಲು ಸಾಲಿತು. ಮೂರ್ತಿ ಇಲ್ಲ, ಪ್ರಭಾಕರ್ ಇಲ್ಲ, ಹೌದಪ್ಪಗಳೂ ಇಲ್ಲ, ಇರುವವಳು ನಾನೊಬ್ಬಳೇ, ಬಾ ರೇಣುಕಾ ಎಂದು ಕಾಗುಣಿತವನ್ನೂ ನೋಡದೆ ಎರಡು ಪುಟ ಬರೆದು ಗುಂಪಿಗೆ ಕಳಿಸಿದೆ.

ಕಳಿಸಿದ ಮೇಲೆ ಸದಸ್ಯರ ಪಟ್ಟಿ ನೋಡಿದೆ. ರೇಣುಕಾ ಹಿಂದಿನ ದಿನವೇ ತನ್ನ ಹೆಸರು ತೆಗೆದುಹಾಕಿದ್ದಳು. ಪತ್ರ ಉಳಿದ ಐದು ಮಂದಿಗೆ ಸರಿಯಾಗಿ ತಲುಪಿತ್ತು. ಐವರೂ ಓದಿದೆವು. ಒಬ್ಬರಿಗೂ ಆಶ್ಚರ್ಯವಾಗಲಿಲ್ಲ!