ನಮ್ಮ ಮಾವನ ಒಂಟಿ ಸೀಟಿನ ಜೆಟ್

ಸ್ವಂತ ಕಾರು ಇದ್ದವರನ್ನು ನೀವು ನೋಡಿರುತ್ತೀರಿ. ಸ್ವಂತ ಬಸ್ಸು ಇದ್ದವರನ್ನೂ ನೋಡಿರಬಹುದು. ಸ್ವಂತ ಜೆಟ್ ವಿಮಾನ ಇದ್ದವರನ್ನು? ನಾನು ನೋಡಿದ್ದೇನೆ! ನೋಡುವುದೇನು ಬಂತು, ಅವರ ಮನೆಯಲ್ಲೇ ಇದ್ದು, ಅವರ ಮುದ್ದೆ ನುಂಗಿ, ಅವರ ಜೆಟ್ಟಿನ ಮೂತಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ್ದೇನೆ. ಅವರು ನನ್ನ ಸೋದರಮಾವ. ದೊಡ್ಡಬಳ್ಳಾಪುರದ ನೇಕಾರರು. ನಗಬೇಡಿ, ಇನ್ನೂ ಕತೆಯೇ ಶುರುವಾಗಿಲ್ಲ.

ಆಗ ಎಪ್ಪತ್ತರ ದಶಕದ ಮೊದಲ ವರ್ಷಗಳು. ನನಗೆ ಅದೇ ಊರಿನ ಶಾಲೆಯೊಂದರಲ್ಲಿ ಮೇಷ್ಟ್ರ ಕೆಲಸ ಸಿಕ್ಕಿತ್ತು. ಹೆಣ್ಣುಮಗಳು ಒಬ್ಬಳೇ ರೂಮು ಮಾಡಿಕೊಂಡು ಇರುವುದುಂಟೇ? ಮಾವನ ಮನೆಯಲ್ಲಿ ಬಿಡಾರ ಹೂಡಿದೆ. ಮನೆಯ ಮುಂಭಾಗದಲ್ಲಿ ಪವರ್‌ಲೂಮ್‌ಗಳು ದಡಬಡ ದಡಬಡ, ಹಿಂಭಾಗದಲ್ಲಿ ಅತ್ತೆಯ ಅಡುಗೆಮನೆ. ಕರೆಂಟು ಹೋದಾಗ ಮಾತ್ರ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುತ್ತಿತ್ತು. ಆಗ ಬೇರೆ ನೇಕಾರರು ಬೀಡಿ ಹಚ್ಚುತ್ತಿದ್ದರು, ಮಾವ ಜಗಲಿಯ ಮೇಲೆ ಕೂತು ಆಕಾಶ ನೋಡುತ್ತಿದ್ದರು. ಯಲಹಂಕದ ಕಡೆಯಿಂದ ಜೆಟ್ಟೊಂದು ಆಕಾಶ ಹರಿದುಕೊಂಡು ಹೋದರೆ ಮುಗಿಯಿತು. “ನೋಡಮ್ಮಾ, ಅವ್ನಿಗೆ ಕರೆಂಟ್ ಕಟ್ಟೇ ಇಲ್ಲ!” ಎಂದು ತೊಡೆ ತಟ್ಟಿಕೊಳ್ಳುತ್ತಿದ್ದರು.

ಯುಗಾದಿ ಮುಗಿದ ಹೊಸದರಲ್ಲಿ ಒಂದು ಮಗ್ಗದ ಮೋಟಾರು ಸುಟ್ಟುಹೋಯಿತು. ಹಳೆಯದೊಂದು ಮೋಟಾರು ತರಲು ಅತ್ತೆ ಮಾವನ ಕೈಗೆ ಚಿತ್ರಾನ್ನದ ಡಬ್ಬಿ ಕೊಟ್ಟು ಬೆಂಗಳೂರಿಗೆ ಕಳಿಸಿದರು. ಸಂಜೆ ಬೀದಿಗೆ ಲಾರಿಯೊಂದು ಬಂತು. ಅದರ ಮೇಲೆ ಮಾವ ನಿಂತಿದ್ದರು, ದಸರಾ ಮೆರವಣಿಗೆಯ ಠೀವಿಯಲ್ಲಿ! ಅವರ ಬೆನ್ನ ಹಿಂದೆ ಬೆಳ್ಳಗೆ, ಉದ್ದಕ್ಕೆ, ಮೂತಿ ಚೂಪಾದ ಏನೋ ಒಂದು. ರೆಕ್ಕೆಗಳನ್ನು ಬಿಚ್ಚಿ ಪಕ್ಕದಲ್ಲಿ ಒರಗಿಸಿದ್ದರು.

“ಮೋಟಾರು ಎಲ್ಲಿ ಮಾವ?” ಅಂದೆ.

“ಮೋಟಾರು ಯಾರಿಗೆ ಬೇಕಮ್ಮ! ಗುಜರಿ ಸಾಹೇಬ್ರು ಹರಾಜಲ್ಲಿ ಹಿಡ್ದಿದ್ದಂತೆ. ಫಸ್ಟ್ ಕ್ಲಾಸ್ ಗಾಡಿ. ಸರ್ಕಾರ ಒಂದೇ ಓಡ್ಸಿರೋದು, ಬೇರೆ ಕೈಗೆ ಹೋಗೇ ಇಲ್ಲ. ಶಬ್ದಕ್ಕಿಂತ ಮುಂದೆ ಹೋಗ್ತದಂತೆ!”

ಜನ ಸೇರಿ ಅದನ್ನು ಲಾರಿಯಿಂದ ಇಳಿಸಿದ ಮೇಲೆ ಬಗ್ಗಿ ನೋಡಿದೆ. ಹಿಂದಿನಿಂದ ನೋಡಿದರೆ ಮುಂದಿನ ತನಕ ಬೆಳಕು ಕಾಣುತ್ತಿತ್ತು. ಎಂಜಿನ್ನೇ ಇಲ್ಲ! ಮೋಟಾರು ತರಲು ಹೋದ ಮನುಷ್ಯ ಮೋಟಾರೇ ಇಲ್ಲದ ವಿಮಾನ ತಂದಿದ್ದರು. ಹೇಳಿದರೆ, “ಅದೊಂದು ಸಣ್ಣ ವಿಷ್ಯ” ಎಂದು ಕೈ ಒದರಿದರು.

ಅತ್ತೆ ಹೊರಗೆ ಬಂದರು. ಕಿರುಚಾಡುತ್ತಾರೆ ಎಂದು ಬೀದಿಯೆಲ್ಲ ಕಾದಿತ್ತು. ಅತ್ತೆ ಕಿರುಚಲಿಲ್ಲ. ಆ ವಿಮಾನವನ್ನು ಒಂದು ಸುತ್ತು ಹಾಕಿದರು. ಏಣಿ ಹತ್ತಿ ಒಳಗೆ ಇಣುಕಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ.

“ಎಷ್ಟು ಸೀಟು?”

“ಒಂದು ಕಣೇ,” ಅಂದರು ಮಾವ ಹೆಮ್ಮೆಯಿಂದ. “ಜೋರಾಗಿ ಹೋಗೋವು ಹಂಗೇ. ಒಂದೇ ಸೀಟು.”

ಅತ್ತೆ ಏಣಿಯಿಂದ ಇಳಿದು ಮನೆಯೊಳಗೆ ಹೋದರು. ಅಷ್ಟೇ. ಅವತ್ತಿನಿಂದ ಮಾವನ ಜೊತೆ ಮಾತು ಬಂದ್!

ನಾನು ಅಡುಗೆಮನೆಗೆ ಹೋಗಿ ಸಮಾಧಾನ ಮಾಡಲು ನೋಡಿದೆ. ಅತ್ತೆ ಮುದ್ದೆ ತೊಳಸುತ್ತಿದ್ದರು, ಆ ಕೋಲಿನ ರಭಸ ನೋಡಿದರೆ ಪಾತ್ರೆಗೆ ತೂತು ಬೀಳಬೇಕು.

“ದುಡ್ಡು ಹೋಯ್ತು, ಹೋಗ್ಲಿ. ಮೋಟಾರು ಬರ್ಲಿಲ್ಲ, ಅದೂ ಹೋಗ್ಲಿ. ಹೆಂಡ್ತಿ ಇರೋ ಗಂಡಸು ತರೋ ಗಾಡಿನೇನಮ್ಮಾ ಅದು? ನಾನು ಈ ಮನೆಗೆ ಬಂದಾಗ್ನಿಂದ ಬಾಗ್ಲಲ್ಲಿ ನಿಂತ್ಕೊಂಡು ಇವ್ರನ್ನ ಕಳ್ಸಿಕೊಟ್ಟಿದ್ದೇ ಆಯ್ತು. ತಿರುಪ್ತಿಗೆ ಇವ್ರು, ನೆಂಟ್ರ ಮದ್ವೆಗೆ ಇವ್ರು, ಮದ್ರಾಸಿನ ಅಂಗಡಿಗೆ ಸೀರೆ ಹಾಕಕ್ಕೆ ಇವ್ರು. ಮಗ್ಗ ಕಾಯಕ್ಕೆ ನಾನು. ಈಗ ಆಕಾಶಕ್ಕೂ ಇವ್ರೊಬ್ರೇ ಹೋಗ್ತಾರಂತೆ! ನನ್ನ ಒಂದ್ಮಾತು ಕೇಳಿದ್ರಾ, ‘ನೀನೂ ಬರ್ತೀಯೇನೇ’ ಅಂತ?”

ನನಗೆ ನಗು ಬಂದಿತ್ತು. ಅತ್ತೆಯ ಕಣ್ಣು ನೋಡಿದ ಮೇಲೆ ಪಕ್ಕದಲ್ಲಿ ಕೂತು ಸೊಪ್ಪು ಬಿಡಿಸತೊಡಗಿದೆ. ಅವರು ನಿಜವಾಗಿಯೂ ನೊಂದುಕೊಂಡಿದ್ದರು.

ಅಲ್ಲಿಂದ ನನ್ನ ಪಾಡು ಯಾರಿಗೂ ಬೇಡ. ಗಂಡ ಹೆಂಡಿರ ನಡುವೆ ನಾನು ಟೆಲಿಫೋನು! “ನಿಮ್ಮ ಮಾವಂಗೆ ಹೇಳಮ್ಮ, ಮುದ್ದೆ ಆರೋಗ್ತೈತೆ ಅಂತ.” ಮಾವ ಎದುರಿಗೇ ತಟ್ಟೆ ಹಿಡಿದು ಕೂತಿದ್ದಾರೆ! “ನಿಮ್ಮತ್ತೆಗೆ ಹೇಳಮ್ಮ, ಬಡಿಸ್ಲಿ ಅಂತ.” ನಾನು ಶಾಲೆಗೆ ಹೋದಾಗ ಏನು ಮಾಡುತ್ತಾರೆ ಎಂಬ ಕುತೂಹಲವಿತ್ತು. ಒಂದು ದಿನ ಬೇಗ ಬಂದು ಕಿವಿಗೊಟ್ಟೆ. ಅತ್ತೆ ಹಿತ್ತಲಿನ ಹುಂಜಕ್ಕೆ ಹೇಳುತ್ತಿದ್ದರು: “ಏ ಹುಂಜ, ಯಜಮಾನ್ರಿಗೆ ಹೇಳು, ಸ್ನಾನಕ್ಕೆ ನೀರು ಕಾದೈತೆ.” ಮಾವ ಟವೆಲ್ಲು ಹೆಗಲಿಗೆ ಹಾಕಿಕೊಂಡು, “ಸೀಗೆಪುಡಿ ಎಲ್ಲೈತೆ ಕೇಳು” ಎಂದು ಅದೇ ಹುಂಜಕ್ಕೆ ವಾಪಸ್ಸು ಹೇಳಿದರು. ಹುಂಜ ಇಬ್ಬರಿಗೂ ಬೆನ್ನು ತಿರುಗಿಸಿ ಹೊರಟುಹೋಯಿತು. ಅದಕ್ಕಿದ್ದ ಬುದ್ಧಿ ನನಗಿರಲಿಲ್ಲ.

ಇಷ್ಟಾದರೂ ಮಾವನ ಉತ್ಸಾಹ ಇಳಿಯಬೇಕಲ್ಲ! ಜೆಟ್ ಕೊಳ್ಳುವುದು ದೊಡ್ಡದಲ್ಲವಂತೆ, ಸಾಕುವುದು ದೊಡ್ಡದಂತೆ. ಅದು ಕುಡಿಯುವುದು ಹೆಚ್ಚುಕಮ್ಮಿ ನಮ್ಮ ಸೀಮೆಎಣ್ಣೆಯನ್ನೇ ಎಂದು ಯಾರೋ ಪುಣ್ಯಾತ್ಮರು ಅವರ ಕಿವಿಯಲ್ಲಿ ಊದಿದ್ದರು. ಸರಿ, ರೇಷನ್ ಅಂಗಡಿಗೆ ಸವಾರಿ. ನನ್ನನ್ನೂ ಎಳೆದುಕೊಂಡು ಹೋದರು.

“ಕಾರ್ಡಲ್ಲಿ ಯಾರ್ಯಾರವ್ರೆ?” ಅಂದ ಅಂಗಡಿಯವನು.

“ನಾನು, ನಮ್ಮ ಮನೆಯೋಳು, ಅಕ್ಕನ ಮಗ್ಳು, ಒಂದು ಜೆಟ್ಟು.”

ಅಂಗಡಿಯವನು ತಲೆ ಎತ್ತದೆ ಕೇಳಿದ: “ಜೆಟ್ಟಿಗೆ ವಯಸ್ಸೆಷ್ಟು? ಚಿಕ್ಕ ಮಕ್ಕಳಾದ್ರೆ ಅರ್ಧ ಪಾಲು.”

ಮಾವ ಅದನ್ನು ಹಾಸ್ಯವೆಂದು ತೆಗೆದುಕೊಳ್ಳಲಿಲ್ಲ. ದಾರಿಯುದ್ದಕ್ಕೂ ಬೆರಳು ಮಡಚಿ ಲೆಕ್ಕ ಹಾಕಿದರು. ಬೀದಿಯ ಎಣ್ಣೆಯೆಲ್ಲ ಸುರಿದರೆ ಅದು ಒಮ್ಮೆ ಗುರ್ ಅನ್ನಬಹುದು. ಊರಿನ ಎಣ್ಣೆ ಸುರಿದರೆ ಕೆರೆ ದಾಟಬಹುದು. ಅತ್ತೆಯ ತವರು ನಂದಗುಡಿಗೆ ಹೋಗಿ ಬರಬೇಕೆಂದರೆ ಸುತ್ತಮುತ್ತಲ ತಾಲ್ಲೂಕಿನವರೆಲ್ಲ ದೀಪವಿಲ್ಲದೆ ಕತ್ತಲಲ್ಲಿ ಕೂರಬೇಕು. ಅಷ್ಟೂ ಊರು ಕತ್ತಲಾದರೆ ಇವರು ಇಳಿಯುವ ಜಾಗ ಹುಡುಕುವುದು ಹೇಗೆ? ಅದನ್ನು ನಾನು ಕೇಳಿದೆ. ಮಾವ ನಡುರಸ್ತೆಯಲ್ಲಿ ನಿಂತು, “ಓದಿರೋರು ಮನೇಲಿದ್ರೆ ಇದೇ ತೊಂದ್ರೆ” ಅಂದರು.

ಇನ್ನು ಇಳಿಯುವ ಜಾಗ. ಅದಕ್ಕಾಗಿ ತೂಬಗೆರೆಯ ಕಡೆ ಒಂದು ಕೆರೆಯಂಗಳ ನೋಡಲು ಹೋದೆವು. ಬೇಸಿಗೆಯಾದ್ದರಿಂದ ಕೆರೆ ಒಣಗಿತ್ತು. ಮಾವ ಮಗ್ಗದ ಹಾಸಿನ ನೂಲು ಅಳೆಯುವ ಹಾಗೆ ಹಗ್ಗ ಹಿಡಿದು, ಆ ತುದಿಯಿಂದ ಈ ತುದಿಗೆ ಹತ್ತು ಸಲ ಓಡಾಡಿದರು. ಎಮ್ಮೆ ಮೇಯಿಸುತ್ತಿದ್ದ ಮುದುಕರೊಬ್ಬರು ವಿಷಯವೇನೆಂದು ವಿಚಾರಿಸಿ, ಎಲೆಅಡಿಕೆ ಉಗಿದು ಹೇಳಿದರು: “ಧಾರಾಳವಾಗಿ ಇಳಿಸ್ಕಳ್ಳಿ ಯಜಮಾನ್ರೇ. ಇಳಿಯೋಕ್ಮುಂಚೆ ಮೇಲಿಂದ ಒಂದ್ಸಲ ಕೂಗ್ಬಿಡಿ, ಎಮ್ಮೆ ಹೊಡ್ಕೊತೀವಿ. ಮಳೆ ಬಿದ್ಮೇಲೆ ಬರೋದಾದ್ರೆ ತೆಪ್ಪ ನೀವೇ ತರ್ಬೇಕು.”

ಅತ್ತೆಯ ಮನಸ್ಸು ಕರಗಿಸಲು ನಂದಗುಡಿಯ ಮಾತನ್ನು ಮಾವ ಊಟದ ಹೊತ್ತಿನಲ್ಲಿ ನನ್ನ ಮೂಲಕ ಎತ್ತಿದರು. “ನಿಮ್ಮತ್ತೆಗೆ ಹೇಳಮ್ಮ, ಎರಡು ಬಸ್ಸು ಬದ್ಲಾಯ್ಸಿ ಸಾಯೋದೇ ಬೇಡ. ಕೂತ್ರೆ ನಂದಗುಡಿ.”

“ಕೂರೋದೆಲ್ಲಿ ಅಂತ ಕೇಳಮ್ಮ, ನಿಮ್ಮ ಮಾವನ ತೊಡೆ ಮೇಲಾ?” ಅಂದರು ಅತ್ತೆ. “ಅಲ್ದೆ ಅಷ್ಟು ಜೋರಾಗಿ ಹೋದ್ರೆ ನಂದಗುಡಿ ಬಂತು ಅನ್ನೋದ್ರೊಳ್ಗೆ ಕೋಲಾರ ದಾಟಿರ್ತದೆ. ನಮ್ಮಣ್ಣ ಕಾಫಿ ಇಟ್ಕೊಂಡು ಕಾಯ್ತಾ ಕೂತಿರ್ಬೇಕು, ನಾವು ಮದ್ರಾಸಲ್ಲಿ ಸಮುದ್ರಕ್ಕೆ ಬಿದ್ದಿರ್ಬೇಕು!”

ಮಾವ ತಟ್ಟೆ ಮುಂದೆ ಚಾಚಿದರು. ಸಾರು ಹಾಕಿಸಿಕೊಂಡರು.

ಆಗ ಸೈಕಲ್ಲಿಗೂ ಗಾಡಿಗೂ ಪುರಸಭೆಗೆ ತೆರಿಗೆ ಕಟ್ಟಿದ ಗುರುತಿಗೆ ತಗಡಿನ ಬಿಲ್ಲೆ ಇರಬೇಕಿತ್ತು. ಬಿಲ್ಲೆ ತಪಾಸಣೆಗೆ ಬಂದ ಆಸಾಮಿ ನಮ್ಮ ಪಕ್ಕದ ಖಾಲಿ ಜಾಗದಲ್ಲಿ ಮೂರು ಚಕ್ರದ ಮೇಲೆ ನಿಂತ ಜೆಟ್ಟನ್ನು ನೋಡಿ ತಲೆ ಕೆರೆದುಕೊಂಡ. “ಎತ್ತು ಕಟ್ಟಬೋದಾ ಇದಕ್ಕೆ?” ಅಂದ.

ಮಾವನಿಗೆ ಉರಿದುಹೋಯಿತು. “ಶಬ್ದಕ್ಕಿಂತ ಮುಂದೆ ಹೋಗೋ ಗಾಡಿಗೆ ಎತ್ತು ಕಟ್ತೀರೇನ್ರೀ?”

“ಈಗ ಹೋಗ್ತದಾ?”

“ಈಗ... ಇಲ್ಲ.”

“ಹಂಗಾದ್ರೆ ಇದು ಗಾಡಿ ಅಲ್ಲ ಸ್ವಾಮಿ, ತೊಟ್ಟಿ. ತೊಟ್ಟಿಗೆ ಬಿಲ್ಲೆ ಬೇಕಿಲ್ಲ,” ಎಂದು ಹೊರಟೇಬಿಟ್ಟ. ಮಾವ ಆ ದಿನ ಕಾಫಿ ಕುಡಿಯಲಿಲ್ಲ.

ಹಾಗೆಂದು ಜೆಟ್ಟಿನಿಂದ ಉಪಯೋಗವೇ ಇರಲಿಲ್ಲವೆಂದರೆ ನನ್ನ ನಾಲಿಗೆಗೆ ಹುಳ ಬೀಳುತ್ತದೆ. ಕಲ್ಲಿನ ಮೇಲೆ ಮಲಗಿಸಿದ್ದ ಆ ರೆಕ್ಕೆಗಳು ಬೇಸಿಗೆಯ ಬಿಸಿಲಿಗೆ ಕಾದ ಕಾವಲಿಯಾಗಿದ್ದವು. ಬೀದಿಯ ಹೆಂಗಸರೆಲ್ಲ ತಮ್ಮ ತಮ್ಮ ಸಂಡಿಗೆ ಹಿಟ್ಟು ತಂದು ಅವುಗಳ ಮೇಲೆ ಇಟ್ಟರು. ಬೆಳಿಗ್ಗೆ ಇಟ್ಟ ಸಂಡಿಗೆ ಮಧ್ಯಾಹ್ನಕ್ಕೆ ಗರಿಗರಿ! ಅಷ್ಟು ವೇಗದ ವಿಮಾನ ಇಡೀ ಜಿಲ್ಲೆಯಲ್ಲೇ ಇರಲಿಲ್ಲ. ಅತ್ತೆ ಮಾತ್ರ ಹಟಕ್ಕೆ ಬಿದ್ದು ನೆಲದ ಮೇಲೆ ಚಾಪೆ ಹಾಸಿ ಒಣಗಿಸಿದರು. ಅರ್ಧ ಕಾಗೆ ತಿಂದವು. ತಿನ್ನಲಿ ಬಿಡು ಅಂದರು.

ಹೀಗೇ ನವರಾತ್ರಿ ಬಂತು. ಮಾತು ಮಾತ್ರ ಬಂದಿರಲಿಲ್ಲ.

ಆಯುಧಪೂಜೆಯ ದಿನ ನಮ್ಮ ಬೀದಿಯಲ್ಲಿ ಮಗ್ಗಗಳೆಲ್ಲ ಬಾಯಿ ಮುಚ್ಚಿಕೊಂಡು ಹೂ ಮುಡಿದು ನಿಲ್ಲುತ್ತವೆ. ಲಾಳಿಗೆ ಕುಂಕುಮ, ಕತ್ತರಿಗೆ ಕುಂಕುಮ, ಸೈಕಲ್ಲಿಗೆ ಬಾಳೆಕಂಬ. ಜೆಟ್ಟನ್ನು ಬಿಡುವುದುಂಟೇ? ಸೈಕಲ್ ಶಾಪಿನವನು ಅದರ ಚಕ್ರಗಳಿಗೆ ಗಾಳಿ ಹೊಡೆದು ಹೊಡೆದು, ಆಮೇಲೆ ಊಟಕ್ಕೂ ಕೈ ಎತ್ತಲಾರದೆ ಕೂತ. ಹತ್ತಾರು ಜನ ಸೇರಿ ಜೆಟ್ಟನ್ನು ಬೀದಿಗೆ ತಂದರು. ಮೂತಿಗೆ ವಿಭೂತಿ, ಬಾಲಕ್ಕೆ ಮಾವಿನ ತೋರಣ, ಕುತ್ತಿಗೆಗೆ ಚೆಂಡುಹೂವಿನ ಹಾರ. ಬೂದುಗುಂಬಳ ಒಡೆಯಿತು. ಅರ್ಚಕರು ಚಕ್ರಗಳ ಮುಂದೆ ನಿಂಬೆಹಣ್ಣು ಇಟ್ಟರು.

“ಯಜಮಾನ್ರು ಹತ್ತಿ ಕೂತ್ಕೊಳ್ಳಿ,” ಅಂದರು. “ಕೂತೋರಿಲ್ದೆ ಗಾಡಿ ನಿಂಬೆಹಣ್ಣು ತುಳೀಬಾರ್ದು.”

ಮಾವ ಹೊಸ ಪಂಚೆ ಎತ್ತಿ ಕಟ್ಟಿ, ಏಣಿ ಹತ್ತಿದರು. ಒಂದು ಕಾಲು ಒಳಗೆ ಹೋಯಿತು. ಇನ್ನೊಂದು ಕಾಲೂ ಹೋಯಿತು. ಹೊಟ್ಟೆಯ ಹತ್ತಿರ ಎಲ್ಲ ನಿಂತಿತು! ಇಷ್ಟು ತಿಂಗಳು ಎಣ್ಣೆ ಅಳೆದರು, ಕೆರೆ ಅಳೆದರು, ಸೀಟನ್ನು ಮಾತ್ರ ಅಳೆದಿರಲಿಲ್ಲ. ಅದು ಸಣಕಲು ಹುಡುಗರಿಗೆ ಮಾಡಿದ ಸೀಟು.

“ಉಸಿರು ಬಿಡಿ ಯಜಮಾನ್ರೇ!”

“ಕೊಬ್ರಿ ಎಣ್ಣೆ ತರ್ಲಾ ಗುರು?”

“ಇವ್ರು ಹತ್ತೋದ್ರೊಳ್ಗೆ ಮುಂದಿನ ಆಯುಧಪೂಜೆ ಬರ್ತದೆ!”

ಬೀದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮೊದಲು ಮಾವನೂ ನಕ್ಕರು. ಆಮೇಲೆ ಅವರ ಮುಖದಲ್ಲಿ ನಗು ಉಳಿಯಲಿಲ್ಲ. ಊರೆಲ್ಲ ಆಡಿಕೊಂಡಾಗ ಕ್ಯಾರೇ ಅನ್ನದ ಮನುಷ್ಯ, ಆ ಹೊತ್ತು ತುಟಿ ಕಚ್ಚಿಕೊಂಡು, ಅರ್ಧ ಒಳಗೆ ಅರ್ಧ ಹೊರಗೆ ಸಿಕ್ಕಿಕೊಂಡು ನಿಂತಿದ್ದರು. ನನಗೆ ಸಂಕಟವಾಯಿತು.

ಎಂದಿನಂತೆ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದ ಅತ್ತೆ, ತಟ್ಟೆಯನ್ನು ನನ್ನ ಕೈಗಿಟ್ಟರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು.

“ನಿಮ್ಮ ಮಾವಂಗೆ ಹೇಳು, ಇಳೀಲಿ ಅಂತ.”

“ಇಳೀಬೇಕಂತೆ ಮಾವ,” ಅಂದೆ.

ಮಾವ ಹೇಗೋ ಒದ್ದಾಡಿ ಇಳಿದರು. ಅತ್ತೆ ಅದೇ ಏಣಿ ಹತ್ತಿ, ಯಾರ ಕೈಯನ್ನೂ ಹಿಡಿಯದೆ, ಸಲೀಸಾಗಿ ಒಳಗೆ ಕೂತರು. ಹೊರಗೆ ಕಾಣುತ್ತಿದ್ದುದು ಅತ್ತೆಯ ತಲೆ, ಕಾಸಗಲದ ಕುಂಕುಮ, ಮಲ್ಲಿಗೆ ಹೂವು, ಅಷ್ಟೇ.

“ತಳ್ರಪ್ಪಾ,” ಅಂದರು ಅರ್ಚಕರು.

ತಳ್ಳಿದರು. ನಿಂಬೆಹಣ್ಣು ಪಚಕ್ ಅಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ತಟ್ಟಬೇಕಾದರೆ ಕೈ ಬಿಡಬೇಕಲ್ಲ! ನಮ್ಮ ಬೀದಿ ಕೆಳಗಿನ ತನಕ ಇಳಿಜಾರು. ಸೈಕಲ್ಲಿಗಾದರೆ ಬ್ರೇಕಿದೆ, ಎತ್ತಿನ ಗಾಡಿಗಾದರೆ ಎತ್ತಿದೆ. ಜೆಟ್ಟಿನ ಬ್ರೇಕು ಎಂಜಿನ್ನಿನ ಜೊತೆಗೇ ಎಲ್ಲೋ ಹೋಗಿತ್ತು.

ಅದು ಹೊರಟಿತು! ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ, ಆಮೇಲೆ ಕೇಳಬೇಡಿ. ಕೋಳಿಗಳು ಹಾರಿದವು, ನಾಯಿಗಳು ಓಡಿದವು, ಜಗಲಿಯ ಮೇಲಿದ್ದ ಮುದುಕರು ಕಾಲು ಮೇಲೆತ್ತಿಕೊಂಡರು. ತೋರಣ ಹಾರಿಸಿಕೊಂಡು ಜೆಟ್ಟು ಮುಂದೆ, ಅದರ ಬಾಲ ಹಿಡಿದು ಮಾವ ಹಿಂದೆ. “ನಿಲ್ಸೇ! ಅಯ್ಯೋ, ನಿಲ್ಸೇ!” ಬೀದಿಯ ಕೊನೆಯಲ್ಲಿದ್ದ ತಿಪ್ಪೆಗೆ ಮೂತಿ ನುಗ್ಗಿಸಿ ಅದು ದೊಪ್ ಎಂದು ನಿಂತಿತು.

ಸದ್ದೇ ಇಲ್ಲ. ಆರತಿ ತಟ್ಟೆಯನ್ನು ಜಗಲಿಯ ಮೇಲಿಟ್ಟು ನಾನೂ ಜನರ ಜೊತೆ ತಿಪ್ಪೆಯ ಹತ್ತಿರಕ್ಕೆ ಓಡಿದೆ. ಮಾವ ತಿಪ್ಪೆ ಹತ್ತಿ, ಒಳಗೆ ಬಗ್ಗಿ, ಅತ್ತೆಯ ಹೆಸರು ಹಿಡಿದು ಕೂಗಿದರು. ಗಂಡ ಹೆಂಡತಿಯ ಹೆಸರು ಹಿಡಿದು ಕೂಗಿದ್ದನ್ನು ಆ ಬೀದಿ ಕೇಳಿರಲಿಲ್ಲ. ಒಳಗಿನಿಂದ ಬಿಕ್ಕುವ ಸದ್ದು ಬಂತು. ಅಳುತ್ತಿದ್ದಾರೆ ಎಂದುಕೊಂಡು ನಾನೂ ತಿಪ್ಪೆ ಹತ್ತಿದೆ.

ಅತ್ತೆ ನಗುತ್ತಿದ್ದರು! ಕುಂಕುಮ ಮೂಗಿನ ತನಕ ಬಳಿದುಕೊಂಡಿತ್ತು, ತುರುಬು ಬಿಚ್ಚಿತ್ತು, ಕಣ್ಣಲ್ಲಿ ನೀರು ಬರುವಷ್ಟು ನಗು. ಉಸಿರು ತಿರುಗಿಸಿಕೊಂಡು ತಲೆ ಎತ್ತಿದರು. ನನ್ನನ್ನು ನೋಡಲಿಲ್ಲ. ನೇರ ಮಾವನ ಮುಖ ನೋಡಿದರು.

“ರೀ... ಇನ್ನೊಂದ್ಸಲ ತಳ್ರೀ!”

ಮಾವ ಹೊಸ ಪಂಚೆಯಲ್ಲೇ ತಿಪ್ಪೆಯ ಮೇಲೆ ಕೂತುಬಿಟ್ಟರು. ಬೀದಿಯೆಲ್ಲ ನೋಡುತ್ತಿದ್ದರೂ ಗೊಳೋ ಎಂದು ಅತ್ತರು. “ನಾನು ಮೇಲೆ ನೋಡ್ಕೊಂಡೇ ಕೂತಿದ್ನಲ್ಲೇ. ಪಕ್ಕದಲ್ಲಿರೋಳ್ನ ಒಂದಿನ ಕೇಳ್ಲೇ ಇಲ್ವಲ್ಲೇ.”

“ಆಮೇಲೆ ಅತ್ಕೊಳ್ಳಿ. ಈಗ ತಳ್ಳಿ,” ಅಂದರು ಅತ್ತೆ.

ಎಲ್ಲರೂ ಕೈ ಹಾಕಿ ಜೆಟ್ಟನ್ನು ಮತ್ತೆ ಬೀದಿಯ ಮೇಲಿನ ತುದಿಗೆ ತಂದೆವು. ಅತ್ತೆ ಇಳಿಯಲೇ ಇಲ್ಲ. ಮಾವ ಹಿಂದೆ ನಿಂತು, ಬಾಲದ ಮೇಲೆ ಎರಡೂ ಕೈ ಇಟ್ಟು, ಮೂಗು ಒರೆಸಿಕೊಂಡು ಕೇಳಿದರು: “ಭಯ ಆಗಲ್ವೇನೇ?”

ಅತ್ತೆ ತಿರುಗಿ ನೋಡದೆ ಹೇಳಿದರು: “ಹಿಂದೆ ನೀವಿದ್ದೀರಲ್ಲ.”

ಮಾವ ತಳ್ಳಿದರು.