ಹಗ್ಗದ ಕೆಳಗಿನ ತುದಿ

ಮರ ಹತ್ತುವವನ ಜೀವ ಹಗ್ಗ ಹಿಡಿದವನ ಕೈಯಲ್ಲಿ ಉಂಟು ಎಂದು ಕೆಳಗೆ ನಿಂತು ನೋಡಿದವರೆಲ್ಲ ನಂಬಿದ್ದರು. ಮನೆಯವರು, ನೆರೆಯವರು, ದಾರಿಯಲ್ಲಿ ಸ್ಕೂಟರ್ ನಿಲ್ಲಿಸಿ ಕತ್ತು ಎತ್ತಿದವರು, ಎಲ್ಲರೂ. ಎಲ್ಲರಿಗಿಂತ ಗಟ್ಟಿಯಾಗಿ ನಂಬಿದ್ದವರು ಹತ್ತುವವನ ಹೆಂಡತಿ.

ನಮ್ಮದು ಮೂವರ ತಂಡ. ಹತ್ತುವವನು ತುಳುವ, ಹಗ್ಗದವನು ಬ್ಯಾರಿ, ನಾನು ಸಸ್ಯಶಾಸ್ತ್ರದ ಎಂ.ಎಸ್ಸಿ. ಮರಗಳ ಬಗ್ಗೆ ಅಷ್ಟು ಓದಿದ ಮೇಲೆ ಅವುಗಳ ಕೊಂಬೆ ಕಡಿಸುವ ಕೆಲಸ ಸಿಕ್ಕಿತು. ಮನಶ್ಶಾಸ್ತ್ರ ಓದಿದ ನನ್ನ ಗೆಳೆಯ ಹಳೆಯ ಕಾರು ಮಾರುತ್ತಾನೆ. ವಿದ್ಯೆ ವ್ಯರ್ಥ ಆಗುವುದಿಲ್ಲ.

ಮಳೆಗಾಲಕ್ಕೆ ಮೊದಲು ಮಂಗಳೂರಿನಲ್ಲಿ ಯಾರಿಗೂ ತಮ್ಮ ಮರದ ಮೇಲೆ ವಿಶ್ವಾಸ ಇರುವುದಿಲ್ಲ. ವರ್ಷವಿಡೀ ನೆರಳು ಕೊಟ್ಟ ಕೊಂಬೆ ಮೇ ತಿಂಗಳು ಬಂದ ಕೂಡಲೇ ಶತ್ರು. ಒಂದು ಮರದಲ್ಲಿ ಇರುವಾಗ ಇನ್ನೊಂದು ಮರದವರು ಫೋನಿನಲ್ಲಿ ಬೈಯುತ್ತಾರೆ. ಅಲ್ಲಿಗೆ ಓಡಿದರೆ ಅವರು ಮಲಗಿರುತ್ತಾರೆ. ಈ ಓಡಾಟದಲ್ಲಿ ಏನಾದರೊಂದು ಆಗುತ್ತಲೇ ಇರುತ್ತದೆ. ಭಾನುವಾರ ಮಾತ್ರ ಬಿಡುವು. ಆವತ್ತು ಅವರವರ ಮನೆಯಲ್ಲಿ ಆಗುತ್ತದೆ.

ಮಣ್ಣಗುಡ್ಡದ ನೆರಳು

ಮಣ್ಣಗುಡ್ಡದ ಒಂದು ಮನೆಯವರು ಮಾವಿನ ಕೊಂಬೆ ಕಡಿಯಬೇಕೆಂದು ಕರೆದರು. ಹೋಗಿ ನೋಡಿದೆ. ಮರ ಆರೋಗ್ಯವಾಗಿತ್ತು. ಒಂದು ಕೊಂಬೆಯಲ್ಲೂ ದೋಷ ಇರಲಿಲ್ಲ.

"ಯಾವುದನ್ನು ಕಡಿಯಬೇಕು?" ಎಂದು ಕೇಳಿದೆ.

"ಅದು," ಎಂದು ಅವರು ಪಶ್ಚಿಮಕ್ಕೆ ಚಾಚಿದ್ದನ್ನು ತೋರಿಸಿದರು.

"ಗಟ್ಟಿ ಉಂಟಲ್ಲ?"

"ಗಟ್ಟಿ ಉಂಟು. ಆದರೆ ಅದರ ನೆರಳು ಪಕ್ಕದವರ ಕಾರಿಗೆ ಬೀಳ್ತದೆ."

ಪಕ್ಕದವರು ಹಳೆಯ ಹಂಚಿನ ಮನೆಯವರು. ತಮ್ಮ ನೆರಳನ್ನು ಕಡಿಯುವುದನ್ನು ನೋಡಲು ಗೋಡೆಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ, ನಮ್ಮ ಹಗ್ಗದವನಿಗೆ ಬುದ್ಧಿ ಹೇಳಿದರು: "ಗಟ್ಟಿ ಹಿಡಿ ಮಾರಾಯ. ಒಂದು ಜೀವ ಉಂಟು ಅದರಲ್ಲಿ." ಹಗ್ಗದವನು ಗಂಭೀರವಾಗಿ ತಲೆ ಆಡಿಸಿದ. ಹಾಗೆ ತಲೆ ಆಡಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ.

ಸಂಜೆಗೆ ಕೊಂಬೆ ಇಳಿಯಿತು. ಕರೆದವರಿಗೆ ಪರಮ ತೃಪ್ತಿ. ನಾವು ಹಗ್ಗ ಸುತ್ತುವ ಹೊತ್ತಿಗೆ ಪಕ್ಕದವರು ಕಾರನ್ನು ಹೊರಗೆ ತಂದು, ಮರದ ಉಳಿದ ನೆರಳು ಬೀಳುವ ಕಡೆ ನಿಲ್ಲಿಸಿ, ಬೀಗ ಹಾಕಿ ಒಳಗೆ ಹೋದರು. ಅದು ಕರೆದವರ ಗೇಟಿನ ಎದುರು.

ಎರಡು ಡಬ್ಬಿ

ಹತ್ತುವವನ ಹೆಂಡತಿ ಮದುವೆಯ ಹೊಸತರಲ್ಲಿ ಗಂಡನ ಕೆಲಸದ ಒಂದು ಫೋಟೊ ನೋಡಿದ್ದರು. ಮೇಲೆ ಹಲಸಿನ ಮರದಲ್ಲಿ ಗಂಡ. ಕೆಳಗೆ ಹಗ್ಗ ಹಿಡಿದು ಕಾಲು ಊರಿ ನಿಂತ ಹಗ್ಗದವನು. ಹಗ್ಗ ಮೇಲೆ ಹೋಗಿ ಎಲೆಗಳ ನಡುವೆ ಕಾಣೆಯಾಗಿತ್ತು. ಅವರಿಗೆ ಅಷ್ಟು ಸಾಕಾಯಿತು. ಮರುದಿನದಿಂದ ಮನೆಯಿಂದ ಎರಡು ಡಬ್ಬಿ ಬರತೊಡಗಿದವು. ದೊಡ್ಡದರಲ್ಲಿ ಕುಚ್ಚಲಕ್ಕಿ ಅನ್ನ, ಸಾರು, ಮಸಾಲೆ ಮೆತ್ತಿ ಹುರಿದ ಬಂಗುಡೆ. ಅದು ಹಗ್ಗದವನಿಗೆ. ಚಿಕ್ಕದರಲ್ಲಿ ಗಂಜಿ, ಚಟ್ನಿ. ಅದು ಗಂಡನಿಗೆ.

"ಇದು ಯಾವ ನ್ಯಾಯ?" ಎಂದು ಹತ್ತುವವನು ಕೇಳಿದನಂತೆ.

"ಅವನ ಕೈಗೆ ಬಲ ಬೇಕು," ಎಂದರಂತೆ ಹೆಂಡತಿ. "ನೀವು ಭಾರ ಆಗಬಾರದು."

ಹಗ್ಗದವನು ಬಂಗುಡೆಯ ಮುಳ್ಳು ಬಿಡಿಸುತ್ತಾ, "ಅಕ್ಕನ ಕೈಗುಣ ಬೇರೆಯೇ," ಎನ್ನುವನು. ಹತ್ತುವವನು ಗಂಜಿ ಕುಡಿಯುತ್ತಾ ಅವನ ಹೊಟ್ಟೆಯನ್ನು ನೋಡುವನು. ವರ್ಷ ಕಳೆದ ಹಾಗೆ ಅದು ನೋಡುವಂತೆಯೇ ಆಗಿತ್ತು.

ರಮ್ಜಾನಿನಲ್ಲಿ ಹಗ್ಗದವನಿಗೆ ಉಪವಾಸ. ಆ ತಿಂಗಳು ಹತ್ತುವವನು ದೊಡ್ಡ ಡಬ್ಬಿಯ ಆಸೆ ಇಟ್ಟುಕೊಂಡಿದ್ದ. ದೊಡ್ಡ ಡಬ್ಬಿ ಸಂಜೆಗೆ ಬಂತು, ಉಪವಾಸ ಬಿಡುವ ಹೊತ್ತಿಗೆ ಸರಿಯಾಗಿ. ಜತೆಗೆ ಗಂಡನಿಗೆ ಆಜ್ಞೆಯೂ ಬಂತು: ಹಗ್ಗದವನ ಹೊಟ್ಟೆ ಖಾಲಿ ಇರುವಷ್ಟು ದಿನ ಪೇರಳೆ ಮರಕ್ಕಿಂತ ಎತ್ತರ ಹತ್ತಬಾರದು.

ಬಜಪೆಯ ಜವಾಬ್ದಾರಿ

ಚಹಾದ ಹೊತ್ತಿಗೆ ಹಗ್ಗದವನು ವಿಷಯ ಹೇಳಿದ. ಸೌದಿಯ ದಮ್ಮಾಮಿನಲ್ಲಿರುವ ಭಾವ ವೀಸಾ ಮಾಡಿಸುತ್ತಿದ್ದಾನೆ. ಮೆಡಿಕಲ್ ಆಗಿದೆ. ಇನ್ನು ವೀಸಾ ಬರುವುದೊಂದೇ ಬಾಕಿ.

"ಎಂತ ಕೆಲಸ?" ಹತ್ತುವವನು ಕೇಳಿದ.

"ಮಾಲಿನಲ್ಲಿ. ಗಿಡಮರ ನೋಡಿಕೊಳ್ಳುವುದು."

"ಆ ಬಿಸಿಲಿಗೆ ಗಿಡ ಬದುಕ್ತದಾ? ದಿನಕ್ಕೆ ಎಷ್ಟು ಸಲ ನೀರು ಹಾಕಬೇಕು?"

"ನೀರು ಬೇಡ. ಧೂಳು ಒರೆಸಿದರೆ ಸಾಕು. ಪ್ಲಾಸ್ಟಿಕಿನದ್ದು."

ಹತ್ತುವವನು ಗ್ಲಾಸು ಕೆಳಗಿಟ್ಟ. "ಕೊಂಬೆ ಕಡಿಯುವುದು?"

"ಕಡಿಯುವುದು ಎಂತಕ್ಕೆ ಮಾರಾಯ? ಬೆಳೆಯುವುದೇ ಇಲ್ಲ."

ಆ ಮೇಲೆ ಹಗ್ಗದವನು ಒಂದು ಕಡೆ ನಿಂತದ್ದನ್ನು ನಾನು ಕಾಣಲಿಲ್ಲ. ಪಾಸ್‌ಪೋರ್ಟಿನ ಜೆರಾಕ್ಸ್ ಕಿಸೆಯಲ್ಲಿ ಇದೆಯೇ ಎಂದು ತಟ್ಟಿ ನೋಡುವುದು, ಫೋನ್ ನೋಡುವುದು, ಮತ್ತೆ ತಟ್ಟುವುದು. ಬಜಪೆಯಲ್ಲಿ ಕೆಲಸ ಬಿದ್ದ ದಿನ ಇನ್ನೂ ಕಷ್ಟವಾಯಿತು. ನಿಲ್ದಾಣ ಹತ್ತಿರ, ವಿಮಾನಗಳು ತಲೆಯ ಮೇಲೆಯೇ ಹಾರುತ್ತವೆ. ಒಂದೊಂದಕ್ಕೂ ಅವನು ಕತ್ತು ಎತ್ತಿದ. ಹೋದ ಮೇಲೂ ಇಳಿಸಲಿಲ್ಲ, ಮುಂದಿನದ್ದು ಬರಬಹುದು ಎಂದು.

ಮನೆಯ ಯಜಮಾನರು ಜಗಲಿಯಲ್ಲಿ ಕೂತು ಬಹಳ ಹೊತ್ತು ಅವನನ್ನೇ ನೋಡಿದರು. ಹೊರಡುವಾಗ ನನ್ನನ್ನು ಬದಿಗೆ ಕರೆದರು.

"ಇಂಥ ಜನ ಈಗ ಸಿಗುವುದಿಲ್ಲ," ಎಂದರು. "ಎಂಥ ಜವಾಬ್ದಾರಿ! ಮೇಲೆ ಇದ್ದವನ ಮೇಲಿಂದ ಒಂದು ಸಲ ಕಣ್ಣು ತೆಗೆಯಲಿಲ್ಲ."

ಕಾಟಿಪಳ್ಳದ ಹಿರಿಯರು

ವೀಸಾ ಬಂದ ದಿನ ನಾವು ಕಾಟಿಪಳ್ಳದಲ್ಲಿ ಇದ್ದೆವು. ರಸ್ತೆ ಬದಿಯ ಗೋಳಿಮರ. ಹತ್ತುವವನು ಮೇಲೆ ಕೂತು ಗರಗಸಕ್ಕೆ ಜಾಗ ಹುಡುಕುತ್ತಿದ್ದ. ಹಗ್ಗದವನ ಫೋನು ಟಿಂಗ್ ಎಂದಿತು. ಅವನು ಹಗ್ಗವನ್ನು ಕಂಕುಳಲ್ಲಿ ಸಿಕ್ಕಿಸಿ, ಎರಡೂ ಕೈಯಲ್ಲಿ ಫೋನ್ ಹಿಡಿದ.

ಸ್ಕೂಟರಿನಲ್ಲಿ ಹೋಗುತ್ತಿದ್ದ ಹಿರಿಯರೊಬ್ಬರು ಬ್ರೇಕ್ ಹಾಕಿದರು. ಹೆಲ್ಮೆಟ್ ತೆಗೆಯದೆಯೇ ಇಳಿದು ಬಂದರು.

"ನಾಚಿಕೆ ಆಗುವುದಿಲ್ವಾ ನಿನಗೆ? ಮೇಲೆ ಒಬ್ಬ ಮನುಷ್ಯ ನೇತಾಡ್ತಾ ಇದ್ದಾನೆ, ನೀನು ಇಲ್ಲಿ ವಾಟ್ಸಾಪ್ ನೋಡ್ತೀಯಾ?"

"ವೀಸಾ, ಕಾಕಾ..."

"ವೀಸಾ! ಕೊಡು ಇಲ್ಲಿ."

ಹಗ್ಗವನ್ನು ಅವರೇ ಕಿತ್ತುಕೊಂಡರು. ಎರಡೂ ಕೈಯಲ್ಲಿ ಹಿಡಿದು, ಒಂದು ಕಾಲನ್ನು ಬೇರಿಗೆ ಒತ್ತಿ, ಹಲ್ಲು ಕಚ್ಚಿ ನಿಂತರು. ಮೇಲೆ ಹತ್ತುವವನು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಹಿರಿಯರು ಬೆವರಿದರು. ನಿಂತವರಿಗೆಲ್ಲ ಈಗಿನವರ ಫೋನ್ ಹುಚ್ಚಿನ ಬಗ್ಗೆ ಒಂದು ಭಾಷಣ ಕೊಟ್ಟರು. ನಾಲ್ಕು ಜನ ಹೌದು ಹೌದು ಎಂದರು. ಭಾಷಣ ಒಳ್ಳೆಯ ಘಟ್ಟಕ್ಕೆ ಬಂದಿದ್ದಾಗ ಅವರ ಕಿಸೆಯೊಳಗೆ ಏನೋ ಟಿಂಗ್ ಎಂದಿತು.

ಅವರು ಹಗ್ಗವನ್ನು ಕಂಕುಳಲ್ಲಿ ಸಿಕ್ಕಿಸಿದರು.

ನೆಲದ ಮೇಲೆ

ವೀಸಾದ ಸುದ್ದಿ ಹತ್ತುವವನ ಮನೆಗೆ ಅವತ್ತೇ ಮುಟ್ಟಿತು. ಹೆಂಡತಿಯ ತೀರ್ಪು ಚಿಕ್ಕದಾಗಿತ್ತು. ಹಗ್ಗದವನು ದಮ್ಮಾಮಿಗೆ ಹೋದರೆ ಗಂಡ ಇನ್ನು ಮರ ಹತ್ತುವುದಿಲ್ಲ. ಅಂಗಡಿಯಲ್ಲಿ ನಿಲ್ಲಲಿ, ವಾಚ್‌ಮನ್ ಆಗಲಿ, ನೆಲದ ಮೇಲೆ ಇರಲಿ.

ಹತ್ತುವವನಿಗೆ ನೆಲದ ಮೇಲೆ ಇರಲು ಬರುವುದಿಲ್ಲ. ಬೇರೆ ಯಾವ ಕೆಲಸವನ್ನೂ ಅವನು ಕಲಿತಿಲ್ಲ, ಕಲಿಯುವ ಇಚ್ಛೆಯೂ ಇಲ್ಲ. ಮನೆಯಲ್ಲಿ ಕೂರಿಸಿದ ಮೊದಲ ದಿನ ಮಾಡು ಹತ್ತಿ ಸರಿ ಇದ್ದ ಹಂಚನ್ನೆಲ್ಲ ಮತ್ತೆ ಸರಿ ಮಾಡಿದ. ಎರಡನೆಯ ದಿನ ಪಕ್ಕದ ಮನೆಯ ಬೆಕ್ಕನ್ನು ಮಾವಿನ ಮರದಿಂದ ಇಳಿಸಿದ. ಬೆಕ್ಕು ತಾನಾಗಿಯೇ ಇಳಿಯುವುದರಲ್ಲಿತ್ತು. ಇವನು ಬರುವುದನ್ನು ಕಂಡು ಹೆದರಿ ಇನ್ನೂ ಮೇಲೆ ಹೋಯಿತು.

ಹಗ್ಗದವನಿಗೂ ನೆಮ್ಮದಿ ಇರಲಿಲ್ಲ. "ನಾನು ಹೋದರೆ ಇವನ ಹೊಟ್ಟೆಗೆ ಹೊಡೆದ ಹಾಗೆ," ಎಂದ. "ಹೋಗದಿದ್ದರೆ ಭಾವ ನನ್ನನ್ನು ಹೊಡೆಯುತ್ತಾನೆ."

"ಅಕ್ಕನಿಗೆ ಹಗ್ಗದ ವಿಷಯ ಬಿಡಿಸಿ ಹೇಳಬಹುದಲ್ಲ," ಎಂದೆ.

ಇಬ್ಬರೂ ಒಟ್ಟಿಗೆ "ಬೇಡ!" ಎಂದರು. ಹತ್ತುವವನು ಸೇರಿಸಿದ: "ಹೇಳಿದರೆ ಸ್ಟೂಲ್ ಹತ್ತಲಿಕ್ಕೂ ಬಿಡ್ಲಿಕ್ಕಿಲ್ಲ."

ಕೊನೆಗೆ ಹೆಂಡತಿ ಒಂದು ಮೆಟ್ಟಿಲು ಇಳಿದರು. ಹಗ್ಗ ಹಿಡಿಯಲು ಬರುವ ಹೊಸಬನನ್ನು ಅವರೇ ಬಂದು ನೋಡುತ್ತಾರೆ. ಅವನು ಪಾಸಾದರೆ ಗಂಡ ಹತ್ತಬಹುದು. ಫೇಲಾದರೆ ಮಾತು ಮುಗಿಯಿತು.

ಪರೀಕ್ಷೆ

ಪರೀಕ್ಷೆ ನಡೆದದ್ದು ಮಣ್ಣಗುಡ್ಡದಲ್ಲಿ, ಆ ಹಂಚಿನ ಮನೆಯಲ್ಲೇ. ನೆರಳು ಕಳೆದುಕೊಂಡವರ ಸ್ವಂತ ಹಲಸಿನ ಕೊಂಬೆ ಅವರದೇ ಮಾಡಿನ ಮೇಲೆ ಬಾಗಿತ್ತು. ಮೋಡ ಕವಿದಿತ್ತು. ಬೇಗ ಬೇಗ ಎಂದು ಅವರು ಒಳಗೆ ಹೊರಗೆ ಓಡಾಡುತ್ತಿದ್ದರು.

ಹೆಂಡತಿ ಎರಡು ಡಬ್ಬಿಗಳ ಜತೆ ರಿಕ್ಷಾದಲ್ಲಿ ಬಂದಿಳಿದರು. ಹೊಸಬ ಹಗ್ಗದವನ ಚಿಕ್ಕಪ್ಪನ ಮಗ, ಮೂವತ್ತು ದಾಟಿದ ಸಪೂರ ಮನುಷ್ಯ. ಅವರು ಅವನನ್ನು ಮೇಲಿಂದ ಕೆಳಗೆ ನೋಡಿದರು. ನೋಡಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಮೊದಲು ಎಂತ ಮಾಡ್ತಿದ್ದೆ?"

"ಮೊಬೈಲ್ ಅಂಗಡಿ, ಅಕ್ಕ. ಸ್ಕ್ರೀನ್ ಗಾರ್ಡ್ ಅಂಟಿಸ್ತಿದ್ದೆ."

"ಕೈ ನಡುಗ್ತದಾ?"

"ಇಲ್ಲವೇ ಇಲ್ಲ. ಒಂದು ಗುಳ್ಳೆ ಬರ್ಲಿಕ್ಕೆ ಬಿಡುವುದಿಲ್ಲ."

"ನನ್ನ ಗಂಡ ಮೊಬೈಲ್ ಅಲ್ಲ," ಎಂದರು ಹೆಂಡತಿ. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. "ಕೊಡು. ನಾನೇ ಹಿಡೀತೇನೆ."

ಅಷ್ಟರಲ್ಲಿ ಹತ್ತುವವನು ಹತ್ತಿಯಾಗಿತ್ತು. ಹೆಂಡತಿಯ ಮುಖ ನೋಡುವುದಕ್ಕಿಂತ ಅದು ಸುಲಭ. ಎಲೆಗಳ ಮರೆಯಲ್ಲಿ ಕಟ್ಟುವುದನ್ನು ಕಟ್ಟಿ, ಹಗ್ಗವನ್ನು ಮೇಲಿನ ಕವಲಿನ ಮೇಲಿಂದ ಕೆಳಗೆ ಬಿಟ್ಟಿದ್ದ. ಹಗ್ಗದವನು ಅದನ್ನು ಮರದ ಬುಡಕ್ಕೆ ಎರಡು ಸುತ್ತು ಸುತ್ತಿ, ತುದಿಯನ್ನು ಅಕ್ಕನ ಕೈಗೆ ಕೊಟ್ಟ. ತಾನೂ ಹಿಂದೆ ಹಿಡಿದು ನಿಂತ. ಅಕ್ಕ, ಬೇಡ ಅಕ್ಕ, ಎಂದು ಒಂದೆರಡು ಸಲ ಹೇಳಿದ. ಗೋಡೆಯ ಆಚೆ ಜನ ಸೇರಿತು. ಯಾರೋ ವೀಡಿಯೊ ಶುರು ಮಾಡಿದರು.

"ಹೆದರಬೇಡಿ!" ಹೆಂಡತಿ ಮೇಲಕ್ಕೆ ಕೂಗಿದರು. "ನಾನಿದ್ದೇನೆ!"

ಬಹಳ ಹೊತ್ತು ಮೇಲಿಂದ ಗರಗಸ ಕೇಳಲಿಲ್ಲ. ಮೊದಲ ಹನಿ ಬಿತ್ತು. ಮನೆಯವರು ಒಳಗಿಂದಲೇ, "ಎಂತ, ಇವತ್ತು ಆಗ್ತದಾ ಇಲ್ವಾ?" ಎಂದು ಕೂಗಿದರು. ಗರಗಸ ನಿಧಾನಕ್ಕೆ ಶುರುವಾಯಿತು, ಮನಸ್ಸಿಲ್ಲದ ಮನಸ್ಸಿನಿಂದ.

ಚಟ್ ಎಂದಿತು. ಹೆಂಡತಿ ಕಣ್ಣು ಮುಚ್ಚಿ ಇದ್ದ ಬಲವೆಲ್ಲ ಹಾಕಿ ಎಳೆದರು. ಹಗ್ಗ ಬಿಗಿಯಾಯಿತು.

"ಹಿಡಿದೆ! ಬಿಡುವುದಿಲ್ಲ! ಸತ್ತರೂ ಬಿಡುವುದಿಲ್ಲ!"

ಜನ ಚಪ್ಪಾಳೆ ಹೊಡೆದರು. ಅವರು ಕಣ್ಣು ತೆರೆದರು. ಹಗ್ಗದ ಮೇಲಿನ ತುದಿಯಲ್ಲಿ, ಹಂಚಿನ ಮಾಡಿಗೆ ತಾಗುವುದಕ್ಕೆ ಒಂದು ಮೊಳ ಮೇಲೆ, ಒಂದು ಹಲಸಿನ ಕೊಂಬೆ ತೂಗುತ್ತಿತ್ತು. ಅದರಲ್ಲಿ ಒಂದು ಎಳೆ ಹಲಸಿನಕಾಯಿಯೂ ಇತ್ತು. ಗಂಡ ಅದಕ್ಕಿಂತ ಬಹಳ ಎತ್ತರದಲ್ಲಿ, ಎಲ್ಲಿ ಕೂತಿದ್ದನೋ ಅಲ್ಲೇ, ಸೊಂಟದಿಂದ ಮರಕ್ಕೆ ತಾನೇ ಬಿಗಿದುಕೊಂಡ ಒಂದು ತುಂಡು ಹಗ್ಗದ ಆಧಾರದಲ್ಲಿದ್ದ.

ಹೆಂಡತಿ ಕೊಂಬೆಯನ್ನು ನೋಡಿದರು. ಗಂಡನನ್ನು ನೋಡಿದರು. ಆಮೇಲೆ ತಿರುಗಿ ಹಗ್ಗದವನ ಹೊಟ್ಟೆಯನ್ನು ನೋಡಿದರು.

"ಇಷ್ಟು ವರ್ಷ ನಾನು ಬಂಗುಡೆ ಹುರಿದು ಕಳಿಸಿದ್ದು ಈ ಕೊಂಬೆಗಾ?"

ಹಗ್ಗದವನು ಆಕಾಶ ನೋಡಿದ. ಆಗ ಒಂದು ವಿಮಾನವೂ ಬರಲಿಲ್ಲ.

"ಮತ್ತೆ ನಿಮ್ಮನ್ನು ಹಿಡಿದುಕೊಂಡದ್ದು ಯಾರು?" ಎಂದು ಮೇಲಕ್ಕೆ ಕೇಳಿದರು.

"ನಾನೇ," ಎಂದಿತು ಮರ. "ಬಿದ್ದಿಲ್ಲ ಅಲ್ವಾ ಮಾರಾಯ್ತಿ, ಇಷ್ಟು ವರ್ಷ?" ಎಂದೂ ಕೇಳಿತು.

ಅವರು ಯೋಚಿಸಿದರು. ಹಗ್ಗ ಮಾತ್ರ ಕೈಯಲ್ಲೇ ಇತ್ತು. ಬಿಡುವುದಿಲ್ಲ ಎಂದ ಮೇಲೆ ಬಿಡುವವರಲ್ಲ.

"ನೀನು ದಮ್ಮಾಮಿಗೆ ಹೋಗು," ಎಂದು ಹಗ್ಗದವನಿಗೆ ಹೇಳಿದರು. "ನಾಳೆಯೇ ಹೋಗು. ನಿನ್ನ ತಮ್ಮ ಸಾಕು. ಕೊಂಬೆ ಹಿಡಿಯಲಿಕ್ಕೆ ಸ್ಕ್ರೀನ್ ಗಾರ್ಡಿನವ ಧಾರಾಳ." ಹೊಸಬನ ಕಡೆ ತಿರುಗಿ, "ಆ ಚಿಕ್ಕ ಡಬ್ಬಿ ಇನ್ನು ನಿನ್ನದು. ದೊಡ್ಡದು ಅವರಿಗೆ," ಎಂದು ಮೇಲಕ್ಕೆ ಗಲ್ಲ ಎತ್ತಿ ತೋರಿಸಿದರು.

ಅಷ್ಟು ಹೊತ್ತಿಗೆ ಮನೆಯವರು ಕೊಡೆ ಹಿಡಿದು ಹೊರಗೆ ಬಂದರು. ಹಗ್ಗದ ತುದಿಯಲ್ಲಿ ಒಬ್ಬ ಹೆಂಗಸನ್ನು ಕಂಡು ಗಾಬರಿಯಾದರು.

"ಅಮ್ಮಾ, ಗಟ್ಟಿ ಹಿಡಿಯಿರಿ! ಒಂದು ಜೀವ ಉಂಟು ಅದರಲ್ಲಿ!"

"ಜೀವ ಅಲ್ಲ," ಎಂದರು ಅವರು. "ನಿಮ್ಮ ಹಂಚು."